ಕೌದಿಯ ಮುಯ್ಯಿ

ಗೆಳೆತನದಲ್ಲಿ ಲೆಕ್ಕವಿರಬಹುದೆ? ಇರಬಾರದೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಕೊಟ್ಟದ್ದನ್ನು ಮರೆಯಬೇಕು, ಪಡೆದದ್ದನ್ನು ನೆನೆಯಬೇಕು ಎಂದು ಹಿರಿಯರು ನಮಗೆ ಎಳವೆಯಿಂದಲೇ ಕಲಿಸಿದ್ದಾರೆ. ನಾನೂ ಬಹುಕಾಲ ಈ ನೀತಿಯನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದೆ. ಆದರೆ 1978ರ ಬೇಸಗೆಯಲ್ಲಿ ನಮ್ಮ ತಾಯಿಯ ಗೆಳತಿಯೊಬ್ಬಳ ಕೈಯಲ್ಲಿ ನಾನು 60 ರೂಪಾಯಿಗಳನ್ನಿಟ್ಟೆ. 25 ವರ್ಷಕ್ಕೂ ಮಿಗಿಲಾಗಿ ನಮ್ಮ ಪಡಸಾಲೆಯಲ್ಲಿ ಕುಳಿತು ಕೌದಿ ಹೊಲಿದವಳು ಆಮೇಲೆ ನಮ್ಮ ಹೊಸ್ತಿಲನ್ನು ತುಳಿಯಲಿಲ್ಲ. ಮಾಡಿದ ಕೆಲಸಕ್ಕೆ ಹಣ ಕೊಡುವುದು ಅನ್ಯಾಯವೆ? ಅಲ್ಲವಷ್ಟೆ. ಹಾಗಾದರೆ ನಾನು ಮಾಡಿದ ತಪ್ಪು ಯಾವುದು? ಇದನ್ನು ನನಗೆ ನಾನೇ ತಿಳಿಯಪಡಿಸಿಕೊಳ್ಳಲು ಬಹಳ ವರ್ಷಗಳು ಹಿಡಿದವು. ಈಗಲೂ ಪೂರ್ತಿ ತಿಳಿದಿದೆಯೆಂದು ಹೇಳಲಾರೆ.

ನಮ್ಮ ಊರು ಮಕ್ತಲ. 2019ರಲ್ಲಿ ರಚಿತವಾದ ನಾರಾಯಣಪೇಟೆ ಜಿಲ್ಲೆಗೆ ಅದು ಈಗ ಸೇರಿದೆ. ಕೃಷ್ಣೆಯನ್ನು ದಾಟಿದರೆ ಒಂದು ಕಡೆ ರಾಯಚೂರು, ಇನ್ನೊಂದು ಕಡೆ ಗದ್ವಾಲ. ಆ ಗದ್ವಾಲವೂ ಆಲಂಪುರವೂ 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯ ತಾಲೂಕುಗಳೇ ಆಗಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂದಿತು, ಇವೆರಡು ಆಂಧ್ರಕ್ಕೆ ಹೋದವು. ನಾಲ್ಕು ಭಾಷೆಗಳು ಒಂದೇ ಓಣಿಯಲ್ಲಿ ಕೇಳಿಬರುವ ಸೀಮೆ ಇದು. ನಮ್ಮ ಪಡಸಾಲೆಯಲ್ಲಿ ಬೇಸಗೆಯ ಮಧ್ಯಾಹ್ನಗಳಲ್ಲಿ ಕೂಡುತ್ತಿದ್ದವರೂ ನಾಲ್ವರೇ: ನಮ್ಮವ್ವ, ನೇಕಾರರ ಮನೆಯ ಕಾಕಿ, ಎದುರು ಮನೆಯ ತೆಲುಗು ಅತ್ತಮ್ಮ, ಹಿಂದಿನ ಓಣಿಯಿಂದ ಬರುತ್ತಿದ್ದ ಬೀಬಿ. ಕಾಕಿ ನಮಗೆ ರಕ್ತಸಂಬಂಧಿಯಲ್ಲ. ಹಾಗೆಂಬುದು ನನಗೆ ಗೊತ್ತಾದದ್ದು ನಾನು ಹೈಸ್ಕೂಲು ಸೇರಿದ ಮೇಲೆ. ನಾವು ಕೌದಿ ಎಂದದ್ದನ್ನು ಅತ್ತಮ್ಮ ಬೊಂತ ಎನ್ನುತ್ತಿದ್ದಳು, ಬೀಬಿ ಗುದಡಿ ಎನ್ನುತ್ತಿದ್ದಳು. ಹೆಸರು ಯಾವುದಾದರೂ ಸೂಜಿಗೆ ಅದರ ಗೊಡವೆಯಿರಲಿಲ್ಲ.

ಕೌದಿಯನ್ನು ಹೊದ್ದವರು ಬಹುಮಂದಿ ಇದ್ದಾರೆ, ಹೊಲಿಯುವುದನ್ನು ಕುಳಿತು ನೋಡಿದವರು ಕಡಮೆ. ಆದುದರಿಂದ ನಾಲ್ಕು ಮಾತು ಹೇಳುತ್ತೇನೆ. ಉಟ್ಟು ಸವೆದ ಸೀರೆ, ಧೋತರಗಳನ್ನು ಒಗೆದು ಒಣಗಿಸಿ ಪದರ ಪದರವಾಗಿ ನೆಲದ ಮೇಲೆ ಹಾಸುತ್ತಾರೆ. ಸುಕ್ಕು ಬೀಳದಂತೆ ನಾಲ್ಕು ಮೂಲೆಗೆ ಕಲ್ಲನ್ನಿಡುತ್ತಾರೆ. ಮೇಲೆ ಬಣ್ಣಬಣ್ಣದ ತುಂಡುಗಳನ್ನು ಹೊಂದಿಸುತ್ತಾರೆ. ಆಮೇಲೆ ನಾಲ್ಕು ಕಡೆಗೆ ನಾಲ್ವರು ಕುಳಿತು ಅಂಚಿನಿಂದ ಹೊಲಿಗೆಯನ್ನು ಆರಂಭಿಸಿ, ಸಾಲಿನ ಒಳಗೆ ಸಾಲು ಹಾಕುತ್ತ ನಡುವಿನ ಕಡೆಗೆ ಸಾಗುತ್ತಾರೆ. ಮೊದಲ ದಿನ ಈ ಅಂಚಿನವಳ ಮಾತು ಆ ಅಂಚಿನವಳಿಗೆ ಕೇಳಬೇಕಾದರೆ ಕೂಗಬೇಕು. ದಿನ ಕಳೆದಂತೆ ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ. ಕಡೆಯ ದಿನ ಮೊಣಕಾಲಿಗೆ ಮೊಣಕಾಲು ತಾಗುತ್ತದೆ, ಪಿಸುಮಾತು ಸಾಕಾಗುತ್ತದೆ. ಮನೆಯ ಗುಟ್ಟುಗಳು ಹೊರಬೀಳುತ್ತಿದ್ದದ್ದು ಆ ಕಡೆಯ ಎರಡು ದಿನಗಳಲ್ಲೇ ಎಂಬುದನ್ನು, ಸೂಜಿಗೆ ದಾರ ಪೋಣಿಸಿಕೊಡುವ ನೆವದಿಂದ ಅಲ್ಲಿಯೇ ಸುಳಿದಾಡುತ್ತಿದ್ದ ನಾನು ಬಲ್ಲೆ.

ಬಟ್ಟೆಯ ವಿಷಯದಲ್ಲಿಯೂ ಒಂದು ಮಾತಿದೆ. ನಾರಾಯಣಪೇಟೆಯ ಮಗ್ಗಕ್ಕೆ 8 ಸೀರೆಗಳ ಹಾಸನ್ನು ಒಟ್ಟಿಗೇ ಏರಿಸುವ ರೂಢಿಯುಂಟು. ಒಂದಕ್ಕೆ 7 ಗಜದಂತೆ 56 ಗಜ. ಒಂದೇ ಹಾಸಿನಲ್ಲಿ ಹುಟ್ಟಿದ ಆ ಎಂಟೂ ಬೇರೆ ಬೇರೆ ಮನೆಗಳಿಗೆ ಹೋಗಿ, ಬೇರೆ ಬೇರೆ ಮೈಗಳ ಮೇಲೆ ಸವೆದು, ಎಲ್ಲೋ ಒಂದು ಕೌದಿಯಲ್ಲಿ ಅವುಗಳಲ್ಲಿ ಎರಡು ಮತ್ತೆ ಕೂಡುವುದು ಅಸಂಭವವಲ್ಲ. ಕಾಕಿಗೆ ಈ ಗುರುತು ಚೆನ್ನಾಗಿ ಹತ್ತುತ್ತಿತ್ತು. ಗದ್ವಾಲದ ಸೀರೆಯದು ಬೇರೆಯೇ ಬಗೆ: ಮೈ ಹತ್ತಿಯದು, ಅಂಚೂ ಸೆರಗೂ ರೇಷ್ಮೆಯವು, ಎರಡನ್ನೂ ಮಗ್ಗದ ಮೇಲೆಯೇ ಒಂದಕ್ಕೊಂದು ಕೂಡಿಸಿ ನೇಯುತ್ತಾರೆ. ಕೌದಿಗೆ ಅದರ ಮೈ ಬೇಕು, ರೇಷ್ಮೆಯ ಅಂಚು ಬೇಡ. ರೇಷ್ಮೆ ಜಾರುತ್ತದೆ, ಸೂಜಿಗೆ ಹಿಡಿತ ಕೊಡುವುದಿಲ್ಲ. ಹೊಸ ಬಟ್ಟೆಯೂ ಆಗದು; ಅದು ಬಿರುಸು. ನೂರು ಸಲ ಒಗೆದ ಹತ್ತಿಯೇ ಹೊಲಿಗೆಗೆ ಮಣಿಯುವುದು.

ಇನ್ನು ಲೆಕ್ಕದ ಮಾತು. ಈ ನಾಲ್ವರೂ ಲೆಕ್ಕವಿಲ್ಲದೆ ಪ್ರೀತಿಯಿಂದ ದುಡಿಯುತ್ತಿದ್ದರೆಂದು ನಾನು ಬರೆದರೆ ಓದುಗರಿಗೆ ಹಿತವೆನಿಸಬಹುದು, ಆದರೆ ಅದು ಸುಳ್ಳಾದೀತು. ಅವರಲ್ಲಿ ಲೆಕ್ಕವಿತ್ತು, ಬಹು ಸೂಕ್ಷ್ಮವಾದ ಲೆಕ್ಕ. ಈ ವರ್ಷ ಅತ್ತಮ್ಮನ ಮನೆಯದು, ಮುಂದೆ ಬೀಬಿಯದು, ಮಗಳ ಮದುವೆ ಬಂದವಳದು ಸರದಿ ತಪ್ಪಿಸಿ ಮೊದಲು. ಯಾರು ಎಷ್ಟು ಮಧ್ಯಾಹ್ನ ಬಂದರು, ಯಾರು ತಲೆನೋವೆಂದು ಎರಡು ದಿನ ಮನೆಯಲ್ಲುಳಿದರು ಎಂಬುದೆಲ್ಲ ನಾಲ್ವರಿಗೂ ನೆನಪಿನಲ್ಲಿತ್ತು. ಇದಕ್ಕೆ ನಮ್ಮಲ್ಲಿ ಮುಯ್ಯಿ ಎಂದು ಹೆಸರು. ಹೊಲದಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗುವುದು ಮುಯ್ಯಾಳು. ಮದುವೆಯಲ್ಲಿ ಉಡುಗೊರೆ ಕೊಟ್ಟವರಿಗೆ ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸುವುದು ಮುಯ್ಯಿ. ವಿಚಿತ್ರವೆಂದರೆ, ಹಗೆಯನ್ನು ತೀರಿಸಿಕೊಳ್ಳುವುದಕ್ಕೂ ಕನ್ನಡಿಗರು ಇದೇ ಮಾತನ್ನು ಬಳಸುತ್ತಾರೆ. ಉಪಕಾರಕ್ಕೂ ಅಪಕಾರಕ್ಕೂ ಒಂದೇ ಮಾತು ಹೇಗೆ ಒದಗಿತು? ಎರಡರಲ್ಲಿಯೂ ಮನುಷ್ಯರಿಬ್ಬರು ಒಬ್ಬರನ್ನೊಬ್ಬರು ಮರೆಯಲಾರದೆ ಕಟ್ಟುಬಿದ್ದಿರುತ್ತಾರೆ. ಭಾಷೆ ಆ ಕಟ್ಟನ್ನಷ್ಟೇ ನೋಡಿ ಹೆಸರಿಟ್ಟಿತೆಂದು ನನ್ನ ಊಹೆ.

ಗೆಳೆತನದ ಬಗೆಗೆ ವಿಸ್ತಾರವಾಗಿ ವಿಚಾರ ಮಾಡಿದವರಲ್ಲಿ ಗ್ರೀಸಿನ ಅರಿಸ್ಟಾಟಲ್ ಪ್ರಮುಖನು. ತನ್ನ ನೀತಿಶಾಸ್ತ್ರದ ಹತ್ತು ಭಾಗಗಳಲ್ಲಿ ಎರಡನ್ನು ಅವನು ಇದಕ್ಕೇ ಮೀಸಲಿಟ್ಟಿದ್ದಾನೆ. ಉಪಯೋಗಕ್ಕಾಗಿ ಕೂಡಿದ ಗೆಳೆತನ, ಸಂತೋಷಕ್ಕಾಗಿ ಕೂಡಿದ ಗೆಳೆತನ, ಗುಣಕ್ಕಾಗಿ ಕೂಡಿದ ಗೆಳೆತನ ಎಂದು ಮೂರು ಬಗೆ ಮಾಡಿ, ಮೊದಲನೆಯದನ್ನು ಕೀಳೆಂದೆಣಿಸಿದ್ದಾನೆ. ದೂರುಗಳು ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ, ಪ್ರಯೋಜನ ತೀರಿದೊಡನೆ ಅದು ಮುರಿಯುತ್ತದೆ ಎಂದು ಅವನ ಮತ. ನಮ್ಮ ಪಡಸಾಲೆಯ ನಾಲ್ವರನ್ನು ಅವನು ಯಾವ ಬಗೆಗೆ ಸೇರಿಸುತ್ತಿದ್ದನೊ! ಕೌದಿ ಬೇಕಾಗಿಯೇ ಅವರು ಕೂಡಿದರು. ಕೂಡಿ ಕುಳಿತದ್ದರಿಂದ ಸಂತೋಷಪಟ್ಟರು. ಒಬ್ಬಳು ಬಾಣಂತಿಯಾದಾಗ, ಒಬ್ಬಳ ಗಂಡ ಸತ್ತಾಗ ಉಳಿದ ಮೂವರು ನಡೆದುಕೊಂಡ ರೀತಿಯನ್ನು ಗುಣವೆಂದಲ್ಲದೆ ಬೇರೇನೆಂದೂ ಕರೆಯಲಾಗದು. ಮಹಾಪಂಡಿತನ ಮೂರು ಗೆರೆಗಳನ್ನು ಆ ಸೂಜಿಗಳು ಒಂದೇ ಸಾಲಿನಲ್ಲಿ ಹೊಲಿದುಬಿಟ್ಟಿದ್ದವು.

ಫ್ರಾನ್ಸಿನ ಮಾರ್ಸೆಲ್ ಮಾಸ್ ಎಂಬ ವಿದ್ವಾಂಸನು 1925ರಲ್ಲಿ ಪ್ರಕಟಿಸಿದ ದಾನದ ಕುರಿತಾದ ಪ್ರಬಂಧ ನಮ್ಮ ಮುಯ್ಯಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಕೊಡುವುದು, ಕೊಂಡುಕೊಳ್ಳುವುದು, ಹಿಂದಿರುಗಿಸುವುದು ಮೂರೂ ಕರ್ತವ್ಯಗಳೇ, ಯಾವುದನ್ನು ನಿರಾಕರಿಸಿದರೂ ಸಂಬಂಧವನ್ನು ನಿರಾಕರಿಸಿದಂತೆ ಎಂಬುದು ಅವನ ವಾದ. ಆದರೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಮ್ಮವ್ವನೂ ಅವಳ ಗೆಳತಿಯರೂ ಹೋಗಿದ್ದರೆಂದು ನನಗೆ ತೋರುತ್ತದೆ. ಅವರು ಹಿಂದಿರುಗಿಸುತ್ತಿದ್ದರು ನಿಜ, ಸರಿಸಮ ಮಾಡಿ ಮಾತ್ರ ಹಿಂದಿರುಗಿಸುತ್ತಿರಲಿಲ್ಲ. ಎಂಟು ಮಧ್ಯಾಹ್ನ ಬಂದವಳ ಮನೆಗೆ ಇವರು ಒಂಬತ್ತು ಮಧ್ಯಾಹ್ನ ಹೋಗುವರು, ಇಲ್ಲವೆ ಏಳಕ್ಕೇ ನಿಲ್ಲಿಸಿ ಒಂದನ್ನು ಉಳಿಸಿಕೊಳ್ಳುವರು. ಲೆಕ್ಕ ಯಾವಾಗಲೂ ಒಂದು ಕಡೆಗೆ ಸ್ವಲ್ಪ ವಾಲಿಕೊಂಡೇ ಇರಬೇಕು. ಸಮವಾದರೆ ಮರುದಿನ ಬರುವುದಕ್ಕೆ ಯಾರಿಗೂ ಕಾರಣವಿರದು. ಬಾಕಿಯೆಂಬುದು ಅವರಿಗೆ ಹೊರೆಯಲ್ಲ, ಬಂದುಹೋಗುವ ಬಾಗಿಲು.

ಈಗ ನನ್ನ 60 ರೂಪಾಯಿಯ ಕಥೆ. ಹೈದರಾಬಾದಿನಲ್ಲಿ ನೌಕರಿ ಹಿಡಿದು ನಾಲ್ಕು ವರ್ಷವಾಗಿತ್ತು. ನನ್ನ ಚೊಚ್ಚಲ ಮಗುವಿಗೆಂದು ಕಾಕಿ ಒಬ್ಬಳೇ ಕುಳಿತು ಒಂದು ಸಣ್ಣ ಕೌದಿಯನ್ನು ಹೊಲಿದು ತಂದಳು. ಕೂಸಿನ ಮೈಗೆ ತಾಗುವ ಬಟ್ಟೆ ಹಳೆಯದಾಗಿರಬೇಕೆಂದು ತನ್ನ ನಾರಾಯಣಪೇಟೆ ಸೀರೆಯನ್ನೇ ಮೇಲುಪದರಕ್ಕೆ ಹಾಕಿದ್ದಳು. ಆ ಹೊತ್ತಿಗೆ ಅವಳ ಮನೆಯ ಮಗ್ಗ ಸರಿಯಾಗಿ ನಡೆಯುತ್ತಿರಲಿಲ್ಲ, ಕಷ್ಟವಿತ್ತು. ನನಗೆ ಕನಿಕರ ಬಂದಿತು, ಅದರ ಜೊತೆಗೆ ಒಂದಿಷ್ಟು ಪ್ರತಿಷ್ಠೆಯೂ ಬಂದಿತೆಂದು ಈಗ ಒಪ್ಪಿಕೊಳ್ಳಬೇಕು. ಜೇಬಿನಿಂದ ಹಣವನ್ನು ತೆಗೆದು ಅವಳ ಅಂಗೈಯಲ್ಲಿಟ್ಟು, "ಕಾಕಿ, ನಿನ್ನ ಕೈಕೆಲಸಕ್ಕ ಇದು ಕಡಿಮೀನ ಆತು" ಎಂದೆ. ಅವಳು ಒಂದು ಕ್ಷಣ ಹಣವನ್ನು ನೋಡಿದಳು, ನಮ್ಮವ್ವನನ್ನು ನೋಡಿದಳು, ಸೆರಗಿನಲ್ಲಿ ಗಂಟು ಹಾಕಿಕೊಂಡು ಎದ್ದು ಹೋದಳು. ಅವ್ವ ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಮಾತ್ರ, "ಆಕಿ ಮಗಳ ಮದುವಿ ಕೌದಿ ನಮ್ಮ ಮ್ಯಾಲಿತ್ತಪ" ಎಂದಳು. ನಾನು ಅದರ ಅರ್ಥವನ್ನು ಕೇಳಲಿಲ್ಲ. ಆ ವರ್ಷ ನಮ್ಮ ಮನೆಯವರು ಕಾಕಿಗೆ ಋಣಿಗಳಾಗಿದ್ದರು. ನನ್ನ ಹಣ ಆ ಋಣವನ್ನು ತೀರಿಸಿ ಚುಕ್ತಾ ಮಾಡಿದಂತೆ ಅವಳಿಗೆ ಕಂಡಿರಬೇಕು.

ಪ್ರತ್ಯುಪಕಾರದ ವಿಷಯದಲ್ಲಿ ನಮ್ಮ ಹಿರಿಯರು ಎಷ್ಟು ಎಚ್ಚರದಿಂದ ಯೋಚಿಸಿದ್ದರೆಂಬುದು ನನಗೆ ಆಮೇಲೆ ಓದುತ್ತ ಓದುತ್ತ ತಿಳಿಯಿತು. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ರಾಮನು ಹನುಮಂತನನ್ನು ಬೀಳ್ಕೊಡುವಾಗ, ಅವನು ಮಾಡಿದ ಉಪಕಾರ ತನ್ನಲ್ಲೇ ಕರಗಿಹೋಗಲಿ, ಅದನ್ನು ತೀರಿಸುವ ಸಂದರ್ಭವೇ ಬಾರದಿರಲಿ ಎನ್ನುತ್ತಾನೆ. ಪ್ರತಿಯಾಗಿ ಉಪಕಾರ ಮಾಡಬೇಕೆಂದು ಬಯಸುವುದೆಂದರೆ ಗೆಳೆಯನಿಗೆ ಆಪತ್ತು ಬರಲೆಂದು ಬಯಸಿದಂತೆಯೇ ಅಲ್ಲವೆ! ಇನ್ನು ನಮ್ಮ ಸೀಮೆಯದೇ ಒಂದು ಐತಿಹ್ಯವಿದೆ. ಗದ್ವಾಲದ ಕಡೆಯ ಉತ್ತನೂರಿನ ಗೋಪಾಲದಾಸರು ಗುರುಗಳಾದ ವಿಜಯದಾಸರ ಮಾತಿನಂತೆ, ರೋಗದಿಂದ ಬಳಲುತ್ತಿದ್ದ ಮಾನ್ವಿಯ ಜಗನ್ನಾಥದಾಸರಿಗೆ ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರಂತೆ. ಜೋಳದ ರೊಟ್ಟಿಯ ಮೂಲಕ ಕೊಟ್ಟರೆಂದೂ ಹೇಳುತ್ತಾರೆ. ಆ ಕಥೆಯನ್ನು ಕೌದಿಯ ಮುಂದೆ ಅವ್ವ ಎಷ್ಟು ಸಲ ಹೇಳಿದ್ದಳೊ! ಅಂಥ ದಾನಕ್ಕೆ ಮುಯ್ಯಿ ಯಾವುದು? ಜಗನ್ನಾಥದಾಸರು ಹರಿಕಥಾಮೃತಸಾರವನ್ನು ಬರೆದರು. ಅದನ್ನು ಗೋಪಾಲದಾಸರಿಗೆ ಕೊಟ್ಟ ಬೆಲೆಯೆಂದು ಯಾರೂ ತಿಳಿಯುವುದಿಲ್ಲ. ಪಡೆದ ವರ್ಷಗಳಲ್ಲಿ ಅವರು ಮಾಡಿದ ಕೆಲಸವದು, ಅಷ್ಟೆ.

ಇಲ್ಲಿಗೆ ನಿಲ್ಲಿಸಿದರೆ ಹಣವೇ ಕೆಟ್ಟದ್ದೆಂದು, ಹೆಂಗಸರು ಪುಕ್ಕಟೆ ಹೊಲಿಯುವುದೇ ಧರ್ಮವೆಂದು ನಾನು ಹೇಳಿದಂತಾಗುತ್ತದೆ. ಅದು ನನ್ನ ಅಭಿಪ್ರಾಯವಲ್ಲ. ಪ್ರೀತಿಯ ಹೆಸರಿನಲ್ಲಿ ಹೆಂಗಸರ ದುಡಿಮೆಯನ್ನು ನಾವು ಬೇಕಾದಷ್ಟು ನುಂಗಿದ್ದೇವೆ. ಅಮೆರಿಕದ ಅಲಬಾಮಾ ಪ್ರಾಂತದಲ್ಲಿ ಬಡ ಕರಿಯ ಹೆಂಗಸರು 1966ರಲ್ಲಿ ಕೌದಿ ಹೊಲಿಯುವ ಒಂದು ಸಹಕಾರ ಸಂಘವನ್ನು ಕಟ್ಟಿದರು. ನಾಗರಿಕ ಹಕ್ಕುಗಳ ಚಳವಳಿಯ ಕಾಲವದು. ತಾವು ಹೊಲಿದುದನ್ನು ದೂರದ ಪಟ್ಟಣಗಳಿಗೆ ಮಾರಿ ತಮ್ಮದೇ ಸಂಪಾದನೆಯನ್ನು ಕೈಯಲ್ಲಿ ಹಿಡಿದಾಗ ಅವರ ಗೆಳೆತನವೇನೂ ಕೆಡಲಿಲ್ಲ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯನ್ನು ಕವಂದಿ ಎನ್ನುತ್ತಾರೆ. ಮೂಲೆಗಳಲ್ಲಿ ಹೂವೆಂದು ಕರೆಯುವ ಮಡಿಕೆಯ ತುಂಡುಗಳನ್ನಿಡದೆ ಅದು ಮುಗಿಯಿತೆನ್ನುವುದಿಲ್ಲ. ಈಗ ಅವರ ಕವಂದಿಗಳು ಪರದೇಶದ ವಸ್ತುಸಂಗ್ರಹಾಲಯಗಳನ್ನು ಸೇರಿ ನಾಲ್ಕು ಕಾಸು ತರುತ್ತಿರುವುದು ಸಂತೋಷದ ವಿಷಯವೇ. ಕೊಳ್ಳುವವನು ಅಪರಿಚಿತನು, ಅವನು ಬೆಲೆ ಕೊಡಬೇಕಾದುದು ನ್ಯಾಯ. ನಾನು ಕಾಕಿಗೆ ಅಪರಿಚಿತನಾಗಿರಲಿಲ್ಲ, ಹಣವನ್ನಿಟ್ಟು ಅಪರಿಚಿತನಾದೆ.

ಹೀಗೆ ಬರೆದು ಸಮಾಧಾನಪಡುವಷ್ಟರಲ್ಲಿ ಇನ್ನೊಬ್ಬಳ ನೆನಪು ಬಂದು ಅಡ್ಡ ನಿಲ್ಲುತ್ತದೆ. ಚಳಿಗಾಲಕ್ಕೆ ಮುಂಚೆ ಅಲೆಮಾರಿ ಕುಟುಂಬದ ಹೆಂಗಸೊಬ್ಬಳು ಮನೆಮನೆಗೆ ಬಂದು ಕೌದಿ ಹೊಲಿದುಕೊಡುತ್ತಿದ್ದಳು. ಅವಳ ಹೊಲಿಗೆ ನಮ್ಮ ನಾಲ್ವರದಕ್ಕಿಂತ ನೇರ, ಸಾಲುಗಳು ಎಣಿಸಿ ಇಟ್ಟಂತೆ ಇರುತ್ತಿದ್ದವು. ಅವಳು ಕುಳಿತದ್ದು ಹೊರಗಿನ ಕಟ್ಟೆಯ ಮೇಲೆ, ಪಡಸಾಲೆಯಲ್ಲಲ್ಲ. ಅವಳಿಗೆ ಜೋಳವನ್ನು ಅಳೆದು ಕೊಡುತ್ತಿದ್ದರು. ಅಳೆಯುವಾಗ ನಮ್ಮವ್ವನೂ ಕಾಕಿಯೂ ಒಂದಾಗಿ ಅವಳೊಡನೆ ಚೌಕಾಶಿ ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಅವಳ ಲೆಕ್ಕ ಅಂದಂದಿಗೇ ತೀರಬೇಕು, ಒಂದು ಸೇರೂ ಬಾಕಿ ನಿಲ್ಲಬಾರದು. ಅದು ಪ್ರಾಮಾಣಿಕತೆಯೆಂದು ಅವ್ವ ತಿಳಿದಿದ್ದಳು. ನನಗೆ ಈಗ ಬೇರೆ ತೋರುತ್ತದೆ. ಅವಳ ಋಣದಲ್ಲಿರಲು ನಮ್ಮ ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಬೀಬಿಗೆ ಒಂದು ಮಧ್ಯಾಹ್ನ, ಅತ್ತಮ್ಮನಿಗೆ ಎರಡು ಮಧ್ಯಾಹ್ನ ಬಾಕಿಯಿರುವುದನ್ನು ಸಂತೋಷದಿಂದ ಹೇಳಿಕೊಳ್ಳುತ್ತಿದ್ದವರು, ಕಟ್ಟೆಯ ಮೇಲಿನವಳಿಗೆ ಬಾಕಿಯಿರುವುದನ್ನು ಅವಮಾನವೆಂದು ಬಗೆದರು. ಯಾರಿಗೆ ಎಷ್ಟು ಕೊಟ್ಟೆವೆಂಬುದನ್ನು ನೋಡಿ ಮನುಷ್ಯನನ್ನು ಅಳೆಯುವುದು ರೂಢಿ. ಯಾರ ಋಣದಲ್ಲಿರಲು ಒಪ್ಪಿದೆವೆಂಬುದನ್ನು ನೋಡಿ ಅಳೆದರೆ ನಮ್ಮ ಪಡಸಾಲೆ ನಾನು ಮೇಲೆ ಬಣ್ಣಿಸಿದಷ್ಟು ವಿಶಾಲವಾಗಿರಲಿಲ್ಲ. ನಾಲ್ಕು ಭಾಷೆ, ಎರಡು ಧರ್ಮ ಅದರಲ್ಲಿ ಹಿಡಿಸಿದವು. ಕಟ್ಟೆ ಮಾತ್ರ ಹೊರಗೇ ಉಳಿಯಿತು. ಅವಳ ಹೆಸರು ಏನೆಂದು ನಾನು ಕೇಳಿದ ನೆನಪಿಲ್ಲ. ಅವಳು ಹೊಲಿದ ಒಂದು ಕೌದಿ ನನ್ನಲ್ಲಿ ಇನ್ನೂ ಇದೆ.

ಅವ್ವ 1991ರಲ್ಲಿ ತೀರಿಕೊಂಡಳು. ಎರಡು ವರ್ಷದ ಮೇಲೆ ಯಾವುದೋ ಕೆಲಸಕ್ಕೆ ಗದ್ವಾಲಕ್ಕೆ ಹೋಗಿದ್ದಾಗ, ಕಾಕಿ ಅಲ್ಲಿ ಮಗಳ ಮನೆಯಲ್ಲಿದ್ದಾಳೆಂದು ತಿಳಿದು ಹುಡುಕಿಕೊಂಡು ಹೋದೆ. ಒಳಗೆ ಮಗ್ಗದ ಸದ್ದು ಕೇಳುತ್ತಿತ್ತು. ಕಾಕಿ ಬಾಗಿಲ ಬಳಿ ಬೆಳಕಿಗೆ ಕುಳಿತು ಮೊಮ್ಮಗನ ಕೂಸಿಗೆಂದು ಕೌದಿ ಹಾಕಿದ್ದಳು. ನಾನು ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ವಿಚಾರವನ್ನೆಲ್ಲ ತೊದಲುತ್ತ ಹೇಳಿ, ಆ ದಿನ ಹಣ ಕೊಟ್ಟು ತಪ್ಪು ಮಾಡಿದೆನೆಂದೆ. ಅವಳು ನಕ್ಕಳು.

"ರೊಕ್ಕ ಏನ ಮಾಡ್ತೋ ತಮ್ಮಾ. ಆ ವರ್ಷ ಮಳಿಗಾಲಕ್ಕ ಅದರಾಗ ಜ್ವಾಳಾ ತಂದು ಉಂಡಿವಿ. ಛಲೋನ ಆತು."

"ಮತ್ತ ಬರೂದ್ಯಾಕ ಬಿಟ್ಟಿ ಕಾಕಿ?"

"ನೀ ಹುಡುಗ, ನಿನಗೇನ ತಿಳೀತಿತ್ತು. ನಿಮ್ಮವ್ವ ಅಲ್ಲೇ ಕುಂತಿದ್ಲು. ಬ್ಯಾಡ ಅಂತ ಒಂದ ಮಾತು ಅನ್ನಲಿಲ್ಲ ಆಕಿ."

ನನ್ನ ಅರಿಸ್ಟಾಟಲನೂ ಮಾಸನೂ ಆ ಬಾಗಿಲಲ್ಲಿ ನನ್ನ ಸಹಾಯಕ್ಕೆ ಬರಲಿಲ್ಲ. 15 ವರ್ಷ ನಾನು ನನ್ನ ತಪ್ಪನ್ನೇ ತಿರುವಿ ತಿರುವಿ ನೋಡುತ್ತಿದ್ದೆ. ಅವರಿಬ್ಬರ ನಡುವಿನ ವಿಷಯದಲ್ಲಿ ನನಗೆ ಅಷ್ಟು ಸ್ಥಾನವೇ ಇರಲಿಲ್ಲ. ಒಬ್ಬಳು ಮಾತಿಗಾಗಿ ಕಾದಳು, ಇನ್ನೊಬ್ಬಳು ಮಗನ ಮುಂದೆ ಆಡಲಾರದೆ ಹೋದಳು. ಮಕ್ತಲದಲ್ಲಿ ಎರಡು ಮನೆಗಳ ನಡುವೆ ಇದ್ದುದು ಐವತ್ತು ಹೆಜ್ಜೆ.

ನಾನು ಸುಮ್ಮನೆ ಕುಳಿತಿರುವುದನ್ನು ನೋಡಿ ಕಾಕಿ ಕೌದಿಯ ಮಡಿಕೆಯಲ್ಲಿ ಚುಚ್ಚಿಟ್ಟಿದ್ದ ಮೂರು ಸೂಜಿಗಳನ್ನು ಕಿತ್ತು, ದಾರದ ಉಂಡೆಯೊಂದಿಗೆ ನನ್ನ ಕಡೆಗೆ ಚಾಚಿದಳು. ಅವಳ ಕಣ್ಣು ಮಂದವಾಗಿತ್ತು. ಚಾಳೀಸು ದಾಟಿ ನನ್ನ ಕಣ್ಣೂ ಅಷ್ಟರಲ್ಲೇ ಇದ್ದಿತು. ಮೂರನೆಯ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಬಸ್ಸು ಹೋಗಿತ್ತು.